ಸುಳ್ಳು ಆಕಾಶದ ಕೆಳಗೆ ತಾಲೀಮು

ಪ್ರಶ್ನೆ: ಚಂದ್ರಯಾನ-3ರ ಲ್ಯಾಂಡರ್ ಇಳಿಯುವಾಗ ಕೊನೆಯ ಇಪ್ಪತ್ತು ನಿಮಿಷ ಭೂಮಿಯಿಂದ ಯಾರೂ ಅದನ್ನು ನಡೆಸಲಿಲ್ಲ, ಒಳಗಿದ್ದ ಕಂಪ್ಯೂಟರೇ ಎಲ್ಲ ನೋಡಿಕೊಂಡಿತು ಎಂದು ನಮ್ಮ ಮೇಷ್ಟ್ರು ಹೇಳಿದರು. ಒಮ್ಮೆಯೂ ಚಂದ್ರನ ಮೇಲೆ ಇಳಿದಿರದ ಕಂಪ್ಯೂಟರಿಗೆ ಇಳಿಯಲು ಬರುತ್ತದೆ ಎಂದು ಇಲ್ಲಿ ಕೂತು ಹೇಗೆ ಖಚಿತ ಮಾಡಿಕೊಳ್ಳುತ್ತಾರೆ? ಇಲ್ಲಿನ ಗುರುತ್ವ ಆರು ಪಟ್ಟು ಹೆಚ್ಚು, ಜೊತೆಗೆ ಗಾಳಿ ಬೇರೆ ಇದೆ. ಇನ್ನೊಂದು ವಿಷಯ: ನಮ್ಮೂರ ಹತ್ತಿರದ ಕಾವಲಿನಲ್ಲಿ ಇಸ್ರೋದವರು ಚಂದ್ರನ ಗುಂಡಿ ತೋಡಿದ್ದರು ಎಂದು ಅಪ್ಪ ಹೇಳುತ್ತಾರೆ. ನಿಜವೇ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಳ್ಳಕೆರೆ

ನಿಮ್ಮ ಅಪ್ಪ ಹೇಳಿದ್ದು ನಿಜ. ಚಂದ್ರಯಾನ-2ರ ತಯಾರಿ ನಡೆಯುತ್ತಿದ್ದಾಗ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋಗೆ ಸೇರಿದ ಜಾಗದಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿದರು. ಲ್ಯಾಂಡರಿನಲ್ಲಿ ಕೂರಿಸಬೇಕಿದ್ದ ಸೆನ್ಸರ್‌ಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿದರು. ನೆಲ ಎಷ್ಟು ಕೆಳಗಿದೆ, ಕುಳಿ ಎಲ್ಲಿದೆ, ಕಾಲೂರಲು ಸಮವಾದ ಜಾಗ ಎಲ್ಲಿದೆ ಎಂಬುದನ್ನು ಆ ಸೆನ್ಸರ್‌ಗಳು ಸರಿಯಾಗಿ ಹೇಳುತ್ತವೆಯೇ ಎಂದು ನೋಡಬೇಕಿತ್ತು. ಚಂದ್ರಯಾನ-3ರ ಕಾಲಕ್ಕೆ ಮತ್ತೆ ಕುಳಿ ತೋಡಿಸುವ ಸುದ್ದಿ ಬಂದಾಗ ಅವುಗಳ ಅಳತೆ 10 ಮೀಟರ್ ಅಗಲ, 3 ಮೀಟರ್ ಆಳ ಎಂದು ಪತ್ರಿಕೆಗಳಲ್ಲಿ ಓದಿದ ನೆನಪು. ಅಮೃತಮಹಲ್ ದನಗಳೂ ಕುರಿಮಂದೆಗಳೂ ಮೇಯುತ್ತಿದ್ದ ಕಾವಲು ಅದು. ಹುಲ್ಲುಗಾವಲು ಕೈತಪ್ಪಿತೆಂದು ಸುತ್ತಲಿನ ಹಳ್ಳಿಯವರು ಪಟ್ಟ ಸಂಕಟವನ್ನು ಆ ನೆಲದ ವಿಷಯ ಬರೆಯುವಾಗ ಮರೆಯಬಾರದು. ಅದನ್ನು ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕು.

ಆದರೆ ಆ ಕುಳಿಗಳು ನಿಮ್ಮ ಪ್ರಶ್ನೆಯ ಉತ್ತರದ ಒಂದು ಮೂಲೆ ಮಾತ್ರ. ಲ್ಯಾಂಡರಿನ ತಾಲೀಮು ಹೆಚ್ಚಾಗಿ ನಡೆಯುವುದು ಬಯಲಿನಲ್ಲಲ್ಲ, ನಾಲ್ಕು ಗೋಡೆಗಳ ಒಳಗೆ, ಒಂದು ಮೇಜಿನ ಮೇಲೆ.

ಮೊದಲು ತಾಲೀಮು ಏಕೆ ಬೇಕು ನೋಡೋಣ. 2023ರ ಆಗಸ್ಟ್ 23ರ ಸಂಜೆ 5 ಗಂಟೆ 44 ನಿಮಿಷದ ಹೊತ್ತಿಗೆ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡವಾಗಿ ಓಡುತ್ತಿತ್ತು. 6 ಗಂಟೆ 4 ನಿಮಿಷಕ್ಕೆ ಅದು ನಿಂತಿತ್ತು. ಆ ನಡುವೆ ನಾಲ್ಕು ಎಂಜಿನ್‌ಗಳನ್ನು ಉರಿಸಿ ವೇಗ ತಗ್ಗಿಸಬೇಕು, ಮಲಗಿದಂತಿದ್ದ ನೌಕೆ ನೆಟ್ಟಗಾಗಬೇಕು, ನೆಲದ ಚಿತ್ರ ತೆಗೆದು ತಾನೆಲ್ಲಿದ್ದೇನೆಂದು ಗುರುತಿಸಿಕೊಳ್ಳಬೇಕು, ಸುಮಾರು 150 ಮೀಟರ್ ಎತ್ತರದಲ್ಲಿ ನಿಂತು ಕೆಳಗಿನ ಜಾಗ ಕ್ಷೇಮವೋ ಅಲ್ಲವೋ ನೋಡಿ ಆಮೇಲೆ ಇಳಿಯಬೇಕು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಹೊರಟ ರೇಡಿಯೋ ಸಂಕೇತ ಚಂದ್ರನನ್ನು ಮುಟ್ಟಲು 1.3 ಸೆಕೆಂಡು ಬೇಕು, ಉತ್ತರ ಬರಲು ಮತ್ತಷ್ಟೇ. ಅಲ್ಲಿ ಏನಾಯಿತೆಂದು ನಮಗೆ ತಿಳಿದು, ನಾವು ಹೇಳಿದ್ದು ಅದಕ್ಕೆ ತಲುಪುವಷ್ಟರಲ್ಲಿ ನೌಕೆ ನಾಲ್ಕು ಕಿಲೋಮೀಟರ್‌ಗೂ ಮುಂದೆ ಹೋಗಿರುತ್ತದೆ. ಹಾಗಾಗಿ ಆದೇಶಗಳ ಸರಣಿಯನ್ನು ಮೊದಲೇ ಕಳಿಸಿ, ಸರಿಯಿದೆಯೇ ಎಂದು ನೋಡಿ, ಆಮೇಲೆ ಕೈಬಿಡಬೇಕು. ಮುಂದಿನದು ಕಂಪ್ಯೂಟರಿನ ಹೊಣೆ.

ಕಂಪ್ಯೂಟರಿಗೆ ಇದನ್ನು ಅಭ್ಯಾಸ ಮಾಡಿಸುವ ಬಗೆ ಹೇಳಲು ಹಾಸ್ಟೆಲ್ ಹುಡುಗರ ಒಂದು ಆಟ ನೆನಪಾಗುತ್ತದೆ. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಅವನ ಎರಡೂ ಕೈ ಎದುರಿಗೆ ನಿಂತವನ ಭುಜದ ಮೇಲೆ. ಇಬ್ಬರು ಹಲಗೆಯನ್ನು ಎರಡು ಬೆರಳಿನಷ್ಟು ಎತ್ತಿ ಅಲ್ಲಾಡಿಸುತ್ತಾರೆ, ಎದುರಿಗಿದ್ದವನು ಮೆಲ್ಲಗೆ ಕೂರುತ್ತಾ ಹೋಗುತ್ತಾನೆ. ಹಲಗೆಯ ಮೇಲಿದ್ದವನಿಗೆ ಕಾಲ ಕೆಳಗೆ ಅಲುಗಾಟ, ಕೈಯ ಕೆಳಗೆ ಭುಜ ಕುಸಿಯುತ್ತಿದೆ. ತಾನು ತೊಲೆಯೆತ್ತರ ಏರಿದ್ದೇನೆಂದು ನಂಬಿ ಕೂಗಿಕೊಳ್ಳುತ್ತಾನೆ. ‘ಹಾರು’ ಎಂದರೆ ಹೆದರಿ ಹಾರುತ್ತಾನೆ. ನೆಲ ಮಾತ್ರ ಎರಡು ಬೆರಳಷ್ಟೇ ಕೆಳಗಿರುತ್ತದೆ.

ನೌಕೆಯ ಕಂಪ್ಯೂಟರ್ ಕೂಡ ಹುಟ್ಟಾ ಕಣ್ಣು ಕಟ್ಟಿದ ಹುಡುಗನೇ. ಲೋಕ ಹೇಗಿದೆಯೆಂದು ಅದಕ್ಕೆ ತಿಳಿಯುವುದು ತಂತಿಗಳ ಮೂಲಕ ಬರುವ ಅಂಕಿಗಳಿಂದ ಮಾತ್ರ. ನಕ್ಷತ್ರ ನೋಡುವ ಕ್ಯಾಮೆರಾ, ತಿರುಗುವಿಕೆಯನ್ನು ಅಳೆಯುವ ಗೈರೋ, ವೇಗದ ಏರಿಳಿತ ಅಳೆಯುವ ಆಕ್ಸೆಲರೋಮೀಟರ್, ನೆಲದ ದೂರ ಹೇಳುವ ಆಲ್ಟಿಮೀಟರ್, ಇವೇ ಅದರ ಕೈಕಾಲು, ಕಣ್ಣು. ಆ ತಂತಿಗಳಲ್ಲಿ ಬರುವ ಅಂಕಿ ನಿಜವಾದ ಸೆನ್ಸರ್‌ನದೋ, ಪಕ್ಕದ ಕೋಣೆಯ ಇನ್ನೊಂದು ಕಂಪ್ಯೂಟರ್ ಲೆಕ್ಕ ಹಾಕಿ ಕಳಿಸಿದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗಲೂ ಬಾರದು. ಇದನ್ನು ಹಾರ್ಡ್‌ವೇರ್ ಇನ್ ದ ಲೂಪ್ ಸಿಮ್ಯುಲೇಷನ್ ಎನ್ನುತ್ತಾರೆ, ಕೆಲಸ ಮಾಡುವವರ ಬಾಯಲ್ಲಿ ಚಿಕ್ಕದಾಗಿ ‘ಹಿಲ್ಸ್’. ಸುತ್ತು ಇಡಿಯಾಗಿರಬೇಕು, ಆ ಸುತ್ತಿನ ನಡುವೆ ಕೂತ ಯಂತ್ರ ಮಾತ್ರ ಅಸಲಿಯಾಗಿರಬೇಕು ಎಂಬುದು ಅದರ ತಿರುಳು.

ಮೇಜಿನ ಹತ್ತಿರ ಹೋಗಿ ಒಂದೇ ಒಂದು ಸುತ್ತು ನೋಡೋಣ. ನೌಕೆಯ ಮೈ ಅಲ್ಲಿ ಇರುವುದಿಲ್ಲ. ಅದರ ಹೊಟ್ಟೆಯೊಳಗೆ ಒತ್ತೊತ್ತಾಗಿ ಇರಬೇಕಾದ ಸರ್ಕ್ಯೂಟ್ ಬೋರ್ಡುಗಳನ್ನೆಲ್ಲ ಮೇಜಿನ ಮೇಲೆ ಹರವಿಟ್ಟು ಕೇಬಲ್‌ಗಳಿಂದ ಜೋಡಿಸಿರುತ್ತಾರೆ. ಇಂಥ ಜೋಡಣೆಗೆ ‘ಫ್ಲಾಟ್‌ಸ್ಯಾಟ್’ ಎಂಬ ಹೆಸರೇ ಇದೆ, ಮೇಜಿನ ಮೇಲೆ ಮಲಗಿಸಿದ ಉಪಗ್ರಹ. ಹಾರುವ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಿರುತ್ತದೆ. ನೌಕೆ ಸ್ವಲ್ಪ ಓಲಿದೆ ಎಂದು ಅದಕ್ಕೆ ಅನ್ನಿಸಿತು ಎನ್ನಿ. ಎಡಗಡೆಯ ಪುಟ್ಟ ಥ್ರಸ್ಟರ್ ತೆರೆಯಲಿ ಎಂದು ಕರೆಂಟ್ ಬಿಡುತ್ತದೆ. ಆ ತಂತಿಯ ತುದಿಯಲ್ಲಿ ವಾಲ್ವ್ ಇಲ್ಲ, ಸಿಮ್ಯುಲೇಟರ್ ಇದೆ. ಕರೆಂಟ್ ಎಷ್ಟು ಹೊತ್ತು ಬಂತೆಂದು ಅದು ಅಳೆಯುತ್ತದೆ. ಇಷ್ಟು ಹೊತ್ತು ಉರಿದರೆ ಇಷ್ಟು ಒತ್ತು, ನೌಕೆಯ ತೂಕ ಈಗ ಇಷ್ಟು, ಟ್ಯಾಂಕಿನಲ್ಲಿ ಉಳಿದ ಇಂಧನ ಹೀಗೆ ತುಳುಕುತ್ತಿದೆ, ಆದ್ದರಿಂದ ನೌಕೆ ಇಷ್ಟು ತಿರುಗಿತು ಎಂದು ಲೆಕ್ಕ ಹಾಕುತ್ತದೆ. ಹಾಗೆ ತಿರುಗಿದ ನೌಕೆಯ ಗೈರೋ ಏನು ಹೇಳುತ್ತಿತ್ತೋ ಅದನ್ನೇ, ಗೈರೋ ಮಾತಾಡುವ ವಿದ್ಯುತ್ ಭಾಷೆಯಲ್ಲೇ, ವಾಪಸ್ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ಓದಿ ‘ಸರಿಹೋಯಿತು’ ಎಂದು ಥ್ರಸ್ಟರ್ ಮುಚ್ಚುತ್ತದೆ. ಇದಿಷ್ಟೂ ಕಂಪ್ಯೂಟರ್ ಮತ್ತೊಮ್ಮೆ ಕೇಳುವುದರೊಳಗೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. ಸೆಕೆಂಡಿಗೆ 1.68 ಕಿಲೋಮೀಟರ್ ಓಡುವ ನೌಕೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಹದಿನೇಳು ಮೀಟರ್ ಸರಿದಿರುತ್ತದೆ. ಸಿಮ್ಯುಲೇಟರ್ ಅಷ್ಟು ತಡವಾಗಿ ಉತ್ತರಿಸಿದರೆ ಇಲ್ಲದ ತಪ್ಪನ್ನು ತಾನೇ ಹುಟ್ಟಿಸಿದಂತಾಗುತ್ತದೆ.

ಹಲಗೆ ಏರಿದಂತೆ ಅನ್ನಿಸಿ ಕೈಯ ಕೆಳಗಿನ ಭುಜ ಕುಸಿಯದೆ ಹೋದರೆ ಹುಡುಗನಿಗೆ ಮೋಸ ತಿಳಿದುಬಿಡುತ್ತದೆ. ಇಲ್ಲೂ ಹಾಗೆಯೇ. ಗೈರೋ ‘ತಿರುಗಿದೆ’ ಎಂದರೆ ನಕ್ಷತ್ರಗಳ ಕ್ಯಾಮೆರಾದ ಮುಂದೆ ಹಿಡಿದ ಪುಟ್ಟ ಪರದೆಯಲ್ಲಿ ಚುಕ್ಕೆಗಳು ಅಷ್ಟೇ ಜರುಗಬೇಕು, ಸೌರಫಲಕ ಅಷ್ಟೇ ಕಡಿಮೆ ಕರೆಂಟ್ ಕೊಡಬೇಕು. ಎಲ್ಲ ಸುಳ್ಳುಗಳೂ ಒಂದಕ್ಕೊಂದು ಹೊಂದಬೇಕು. ಕೆಲವು ಸೆನ್ಸರ್‌ಗಳನ್ನು ಸುಳ್ಳು ಅಂಕಿಯಿಂದ ನಂಬಿಸುವುದಕ್ಕಿಂತ ನಿಜವಾಗಿ ತಿರುಗಿಸುವುದೇ ಮೇಲು. ಗೈರೋಗಳನ್ನು ಕಟ್ಟಿ ಮೂರು ಅಕ್ಷಗಳಲ್ಲಿ ತಿರುಗಿಸುವ ಮೇಜುಗಳಿವೆ. ಇಡೀ ವೇದಿಕೆಯನ್ನೇ ತೆಳುವಾದ ಗಾಳಿಯ ಪದರದ ಮೇಲೆ ತೇಲಿಸಿ, ಬೆರಳು ತಾಗಿದರೂ ತಿರುಗುವಂತೆ ಮಾಡುವ ಏರ್ ಬೇರಿಂಗ್ ವ್ಯವಸ್ಥೆಗಳಿವೆ.

ಈಗ ನಿಮ್ಮ ಗುರುತ್ವದ ಪ್ರಶ್ನೆ. ಲೆಕ್ಕ ನೀವೇ ಮಾಡಬಹುದು. ವಿಕ್ರಮ್‌ನ ನಾಲ್ಕು ಎಂಜಿನ್‌ಗಳ ಒತ್ತು ತಲಾ 800 ನ್ಯೂಟನ್, ಒಟ್ಟು 3,200. ಭೂಮಿಯ ಗುರುತ್ವದಲ್ಲಿ ಇದು ಎತ್ತಬಲ್ಲದ್ದು ಹೆಚ್ಚೆಂದರೆ 326 ಕಿಲೋ. ಉಡಾವಣೆಯ ಹೊತ್ತಿಗೆ ಇಂಧನ, ರೋವರ್ ಎಲ್ಲ ಸೇರಿ ಲ್ಯಾಂಡರಿನ ತೂಕ ಸುಮಾರು 1,750 ಕಿಲೋ. ಅಂದರೆ ಚಂದ್ರನ ಮೇಲೆ ಮೆತ್ತಗೆ ಇಳಿಯಬಲ್ಲ ಈ ಯಂತ್ರ ಶ್ರೀಹರಿಕೋಟಾದಲ್ಲಾಗಲಿ ಬೆಂಗಳೂರಿನಲ್ಲಾಗಲಿ ನೆಲ ಬಿಟ್ಟು ಒಂದು ಅಂಗುಲ ಮೇಲೇಳಲಾರದು. ಹಾಗಿದ್ದಾಗ ಎಂಜಿನ್ ಉರಿಸಿ ಇಳಿಸಿ ನೋಡುವುದು ಹೇಗೆ?

ಇಡಿಯಾಗಿ ನೋಡಲಾಗುವುದಿಲ್ಲ. ಬಿಡಿಬಿಡಿಯಾಗಿ ನೋಡಬೇಕು. ಚಂದ್ರಯಾನ-3ಕ್ಕೆ ಇಸ್ರೋ ಇದನ್ನು ಮುಖ್ಯವಾಗಿ ಮೂರು ಪರೀಕ್ಷೆಗಳಾಗಿ ಒಡೆಯಿತು. ಮೊದಲನೆಯದು ತಣ್ಣಗಿನ ಪರೀಕ್ಷೆ. ಎಂಜಿನ್ ಉರಿಸುವ ಮಾತಿಲ್ಲ. ಸೆನ್ಸರ್‌ಗಳನ್ನೂ ದಾರಿ ಲೆಕ್ಕ ಹಾಕುವ ಕಂಪ್ಯೂಟರನ್ನೂ ಹೆಲಿಕಾಪ್ಟರಿನಲ್ಲಿ ಕಟ್ಟಿ ಹಾರಿಸಿದರು. ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ಅದು ಹೇಳಿದ್ದು ಸರಿಯೇ ಎಂದು ತಾಳೆ ನೋಡಿದರು. ಎರಡನೆಯದು ಬಿಸಿ ಪರೀಕ್ಷೆ. ಇಲ್ಲಿ ಎತ್ತರದ ಟವರ್ ಕ್ರೇನಿಗೆ ಲ್ಯಾಂಡರಿನ ಮಾದರಿಯನ್ನು ತೂಗುಬಿಟ್ಟು ಎಂಜಿನ್ ಉರಿಸಿದರು. ಗುರುತ್ವದ ಹೆಚ್ಚಿನ ಭಾರ ಕ್ರೇನಿನದು, ಒಲೆದಾಟವನ್ನು ಹಿಡಿತಕ್ಕೆ ತರುವ ಕೆಲಸ ಕಂಪ್ಯೂಟರಿನದು. ಸೆನ್ಸರ್ ನೋಡಿ, ಕಂಪ್ಯೂಟರ್ ಯೋಚಿಸಿ, ಎಂಜಿನ್ ಉರಿದು, ಅದರ ಪರಿಣಾಮವನ್ನು ಮತ್ತೆ ಸೆನ್ಸರ್ ನೋಡುವ ಸುತ್ತು ಇಲ್ಲಿ ನಿಜವಾದ ಬೆಂಕಿಯೊಂದಿಗೆ ನಡೆಯಿತು. ಮೂರನೆಯದು ಕಾಲುಗಳದು. ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಬೇರೆ ಬೇರೆ ವೇಗ, ಬೇರೆ ಬೇರೆ ಓರೆಯಲ್ಲಿ ಇಳಿಸಿ ಕಾಲು ತಾಳುತ್ತದೆಯೇ ಎಂದು ನೋಡಿದರು.

ಆ ಮಣ್ಣು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಚಂದ್ರನ ಎತ್ತರದ ಪ್ರದೇಶಗಳ ಕಲ್ಲು ಅನಾರ್ಥೊಸೈಟ್. ತಮಿಳುನಾಡಿನ ನಾಮಕ್ಕಲ್ ಸೀಮೆಯ ಸಿತ್ತಂಪೂಂಡಿಯಲ್ಲಿ ಅದೇ ಜಾತಿಯ ಕಲ್ಲಿದೆ. ಚಂದ್ರಯಾನ-2ಕ್ಕಾಗಿ ಆ ಕಲ್ಲನ್ನು ಪುಡಿಮಾಡಿಸಿ ಬೆಂಗಳೂರಿಗೆ ತಂದು ಚಂದ್ರನ ಅಂಗಳ ಹಾಸಿದರು. ರೋವರಿನ ತೂಕ ಕಡಿಮೆ ಮಾಡಲು ಅದಕ್ಕೆ ಹೀಲಿಯಂ ಬಲೂನು ಕಟ್ಟಿ ಓಡಾಡಿಸಿದರು. ಜಾತ್ರೆಯ ಬಲೂನಿನ ಉಪಾಯವೇ, ಬಹಳ ಇಷ್ಟವಾಗುತ್ತದೆ ನನಗೆ.

ಗಾಳಿಯಿಲ್ಲದ ಸ್ಥಿತಿ, ಕಾವು, ಚಳಿಗಳ ಪರೀಕ್ಷೆಗೆ ಗಾಳಿ ತೆಗೆದ ದೊಡ್ಡ ಕೋಣೆಗಳಿವೆ. ಆ ವಿಚಾರ ಇಲ್ಲಿ ಬಿಡೋಣ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ‘ಖಚಿತ’. ಮೇಜಿನ ಮೇಲಿನ ಕಂಪ್ಯೂಟರ್ ನೂರು ಸಲ, ಸಾವಿರ ಸಲ ಸರಿಯಾಗಿ ಇಳಿಯಿತು ಎಂದಿಟ್ಟುಕೊಳ್ಳಿ. ಅದು ಇಳಿದದ್ದು ನಾವು ಬರೆದ ಚಂದ್ರನ ಮೇಲೆ. ನಮಗೆ ಹೊಳೆಯದೆ ಹೋದದ್ದು ಆ ಚಂದ್ರನಲ್ಲಿ ಇರುವುದೇ ಇಲ್ಲ. ಈ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲಿ. ಕೆಟ್ಟದ್ದನ್ನು ಊಹಿಸಿಕೊಳ್ಳಲು ನಾವು ಹೇಗೋ ಕಲಿಯುತ್ತೇವೆ: ಎಂಜಿನ್ ಕೆಟ್ಟರೆ, ಸೆನ್ಸರ್ ಕುರುಡಾದರೆ, ಬ್ಯಾಟರಿ ಕುಸಿದರೆ. ನಾವೆಣಿಸಿದ್ದಕ್ಕಿಂತ ಹೆಚ್ಚು ಒದಗಿ ಬಂದರೆ ಎಂಬ ಯೋಚನೆ ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ಬಾಹ್ಯಾಕಾಶದ ಮೂರು ದೊಡ್ಡ ಪಾಠಗಳಲ್ಲಿ ಇದೇ ಎಳೆ ನನಗೆ ಕಾಣುತ್ತದೆ.

ಮೊದಲನೆಯದು 1996ರ ಜೂನ್ 4ರದು. ದಕ್ಷಿಣ ಅಮೆರಿಕದ ಕೂರೂ ನೆಲೆಯಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್-5 ಮೊದಲ ಸಲ ಮೇಲೆದ್ದಿತು. ಒಳಗೆ ಕ್ಲಸ್ಟರ್ ಹೆಸರಿನ ನಾಲ್ಕು ವಿಜ್ಞಾನ ಉಪಗ್ರಹಗಳು. ರಾಕೆಟ್ ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ವೇಗವಿದೆ ಎಂದು ಹೇಳುವ ಪೆಟ್ಟಿಗೆ ಹಳೆಯ ಏರಿಯಾನ್-4ರದು. ಅಲ್ಲಿ ವರ್ಷಗಟ್ಟಲೆ ಚೆನ್ನಾಗಿ ದುಡಿದದ್ದು. ಹೊಸ ರಾಕೆಟ್ ಏರುವ ದಾರಿ ಬೇರೆ. ಅಡ್ಡ ದಿಕ್ಕಿನ ವೇಗ ಅದರಲ್ಲಿ ಬಹುಬೇಗ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ ಒಂದು ಅಂಕಿಯನ್ನು ಪೆಟ್ಟಿಗೆಯ ಸಾಫ್ಟ್‌ವೇರ್ 16 ಬಿಟ್‌ನ ಜಾಗದಲ್ಲಿ ತುಂಬಲು ಹೋಯಿತು. ಅಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32,767. ಬಂದದ್ದು ಅದಕ್ಕೂ ದೊಡ್ಡದು. ಪೆಟ್ಟಿಗೆ ಕೈಚೆಲ್ಲಿ ನಿಂತುಬಿಟ್ಟಿತು. ಆಪತ್ತಿಗೆಂದು ಇಟ್ಟಿದ್ದ ಇನ್ನೊಂದು ಪೆಟ್ಟಿಗೆಯಲ್ಲೂ ಅದೇ ಸಾಫ್ಟ್‌ವೇರ್. ಅದೂ ಅದೇ ಕಾರಣಕ್ಕೆ ನಿಂತಿತ್ತು. ನಿಲ್ಲುವಾಗ ಮೊದಲ ಪೆಟ್ಟಿಗೆ ಕಳಿಸಿದ ದೋಷಸೂಚನೆಯನ್ನೇ ರಾಕೆಟ್ಟಿನ ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿ ಎಂದು ಓದಿಕೊಂಡು ನಾಝಲ್‌ಗಳನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿತು. ನಲವತ್ತು ಸೆಕೆಂಡು ತುಂಬುವ ಮೊದಲೇ ರಾಕೆಟ್ ಆಕಾಶದಲ್ಲಿ ಚೂರಾಯಿತು. ಹೊಟ್ಟೆ ಉರಿಸುವ ಇನ್ನೊಂದು ಸಂಗತಿ ಕೇಳಿ: ಆ ಲೆಕ್ಕ ನಡೆಯುತ್ತಿದ್ದ ಭಾಗಕ್ಕೆ ಏರಿಯಾನ್-5ರಲ್ಲಿ ನೆಲ ಬಿಟ್ಟ ಮೇಲೆ ಯಾವ ಕೆಲಸವೂ ಇರಲಿಲ್ಲ.

ಹಾಗಾದರೆ ಭೂಮಿಯ ಮೇಲೆ ತಾಲೀಮು ನಡೆದಿರಲಿಲ್ಲವೇ? ನಡೆದಿತ್ತು. ಆದರೆ ಆ ಸುತ್ತಿನಲ್ಲಿ ಈ ಪೆಟ್ಟಿಗೆಯೇ ಇರಲಿಲ್ಲ. ಅದರ ಬದಲಿಗೆ ಅದರಂತೆ ಉತ್ತರಿಸುವ ಒಂದು ಪ್ರೋಗ್ರಾಮ್ ಕೂತಿತ್ತು. ಏರಿಯಾನ್-4ರಲ್ಲಿ ಗೆದ್ದ ಪೆಟ್ಟಿಗೆ, ಮತ್ತೆ ಪರೀಕ್ಷಿಸುವುದೇನು ಎಂಬ ನಂಬಿಕೆ. ಅಪಘಾತದ ಮೇಲೆ ಆ ಪೆಟ್ಟಿಗೆಯ ಸಾಫ್ಟ್‌ವೇರಿಗೆ ಹಾರಾಟದ ನಿಜವಾದ ದಾರಿಯ ಅಂಕಿಗಳನ್ನು ಊಡಿಸಿ ನೋಡಿದರು. ಆಕಾಶದಲ್ಲಿ ಆದದ್ದೆಲ್ಲ ಭೂಮಿಯ ಮೇಲೆ ಸಾಲಾಗಿ, ಇದ್ದದ್ದು ಇದ್ದ ಹಾಗೆ ಮರುಕಳಿಸಿತು. ಅದೇ ಪರೀಕ್ಷೆಯನ್ನು ಹಾರಿಸುವ ಮುಂಚೆ ಮಾಡಿದ್ದರೆ ತಪ್ಪು ಸಿಗುತ್ತಿತ್ತು ಎಂದು ತನಿಖಾ ಮಂಡಳಿ ನೇರವಾಗಿಯೇ ಬರೆಯಿತು.

ಎರಡನೆಯ ಕಥೆಗೆ ಹೋಗುವ ಮುಂಚೆ ಒಂದು ಅಡ್ಡಕಥೆ ಹೇಳಲೇಬೇಕು, ಅದು ಮನಸ್ಸಿನಿಂದ ಹೋಗುವುದಿಲ್ಲ. 1999ರ ಡಿಸೆಂಬರ್ 3ರಂದು ನಾಸಾದ ಮಾರ್ಸ್ ಪೋಲಾರ್ ಲ್ಯಾಂಡರ್ ಮಂಗಳದಲ್ಲಿ ಇಳಿಯಲು ಹೋಗಿ ಮೌನವಾಯಿತು. ಅದರ ಕಾಲುಗಳು ಮಡಚಿಕೊಂಡಿದ್ದು, ಇಳಿಯುವ ದಾರಿಯಲ್ಲಿ ಝಾಡಿಸಿ ಬಿಚ್ಚಿಕೊಳ್ಳಬೇಕಿತ್ತು. ಕಾಲು ನೆಲ ಮುಟ್ಟಿದ್ದನ್ನು ತಿಳಿಸುವ ಸೆನ್ಸರ್ ಆ ಝಾಡಿಕೆಯನ್ನೇ ನೆಲವೆಂದು ತಿಳಿದು ‘ಮುಟ್ಟಿದೆ’ ಎಂದಿರಬೇಕು, ಸಾಫ್ಟ್‌ವೇರ್ ಅದನ್ನು ಮರೆಯದೆ ನೆನಪಿಟ್ಟುಕೊಂಡು ಸುಮಾರು 40 ಮೀಟರ್ ಎತ್ತರದಲ್ಲೇ ಎಂಜಿನ್ ಆರಿಸಿರಬೇಕು ಎಂಬುದು ತನಿಖೆ ಕಂಡುಕೊಂಡ ಅತಿ ಸಂಭವದ ಕಾರಣ. ಭೂಮಿಯ ಮೇಲೆ ಕಾಲು ಬಿಚ್ಚುವ ಪರೀಕ್ಷೆ ಮಾಡಿದ್ದರು. ಆ ದಿನ ಸೆನ್ಸರಿನ ತಂತಿಗಳನ್ನು ತಪ್ಪಾಗಿ ಜೋಡಿಸಲಾಗಿತ್ತು, ಹಾಗಾಗಿ ಸುಳ್ಳು ಸಂಕೇತ ಕಾಣಲಿಲ್ಲ. ತಂತಿ ಸರಿಪಡಿಸಿದ ಮೇಲೆ ನೆಲ ಮುಟ್ಟುವ ಪರೀಕ್ಷೆಯನ್ನು ಮತ್ತೆ ಮಾಡಿದರು, ಕಾಲು ಬಿಚ್ಚುವ ಪರೀಕ್ಷೆಯನ್ನು ಮಾಡಲಿಲ್ಲ. ಒಂದು ಮಧ್ಯಾಹ್ನದ ಕೆಲಸವಿದ್ದೀತು. ಏನನ್ನೇ ಮುಟ್ಟಲಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು ಎಂದು ಈ ಕಸುಬಿನವರು ಹಟ ಹಿಡಿಯುವುದು ಇಂಥ ಮಧ್ಯಾಹ್ನಗಳನ್ನು ನೆನೆದು.

ಎರಡನೆಯ ಕಥೆ ಮಾರ್ಸ್ ಪಾತ್‌ಫೈಂಡರ್‌ನದು. 1997ರ ಜುಲೈ 4ರಂದು ಮಂಗಳದಲ್ಲಿ ಚೆನ್ನಾಗಿಯೇ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೇ ರೀಸೆಟ್ ಆಗತೊಡಗಿತು. ಒಂದು ಕಂಪ್ಯೂಟರ್ ಹಲವು ಕೆಲಸಗಳನ್ನು ಸರದಿಯಲ್ಲಿ ಮಾಡುತ್ತದೆ, ಪ್ರತಿ ಕೆಲಸಕ್ಕೂ ಒಂದು ಅಂತಸ್ತು. ಹವಾಮಾನದ ಅಂಕಿ ಕೂಡಿಡುವ ಕೆಲಸ ಕೆಳಗಿನದು. ನೌಕೆಯ ಭಾಗಗಳ ನಡುವೆ ಸುದ್ದಿ ಹಂಚುವ ಕೆಲಸ ಮೇಲಿನದು. ಕೆಳಗಿನದು ಒಂದು ಬೀಗ ಹಾಕಿಕೊಂಡು ಒಳಗೆ ಕೂತಿದ್ದಾಗ ಮೇಲಿನದು ಬಾಗಿಲಲ್ಲಿ ಕಾಯಬೇಕು. ಸಾಮಾನ್ಯವಾಗಿ ಅದು ಕ್ಷಣದ ಮಾತು. ಆದರೆ ಅಷ್ಟರಲ್ಲಿ ನಡುವಿನ ಅಂತಸ್ತಿನ ಸಂವಹನದ ಕೆಲಸ ನುಗ್ಗಿ ಕೆಳಗಿನದನ್ನು ತಡೆದುಬಿಡುತ್ತಿತ್ತು. ಕೆಳಗಿನದು ಮುಗಿಸಿ ಬೀಗ ತೆಗೆಯುವುದಿಲ್ಲ, ಮೇಲಿನದು ಒಳಗೆ ಹೋಗುವುದಿಲ್ಲ. ಕಾವಲಿಗಿದ್ದ ವ್ಯವಸ್ಥೆ ‘ಏನೋ ಕೆಟ್ಟಿದೆ’ ಎಂದು ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತಿತ್ತು.

ಇದನ್ನು ಕಂಡುಹಿಡಿದದ್ದು ಮಂಗಳದಲ್ಲಲ್ಲ, ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಇಟ್ಟುಕೊಂಡಿದ್ದ ಪ್ರತಿರೂಪದಲ್ಲಿ. ಮಂಗಳದಲ್ಲಿ ನಡೆದ ಕೆಲಸಗಳನ್ನೇ ಇಲ್ಲಿಯೂ ಓಡಿಸಿ, ಒಳಗಿನ ಪ್ರತಿ ಹೆಜ್ಜೆಯನ್ನೂ ದಾಖಲಿಸುವ ಏರ್ಪಾಡು ಮಾಡಿ ಕಾದರು. 18 ಗಂಟೆಯೊಳಗೆ ಭೂಮಿಯ ಅವಳಿಯೂ ರೀಸೆಟ್ ಆಯಿತು. ಬೀಗ ಹಿಡಿದ ಕೆಳಗಿನ ಕೆಲಸಕ್ಕೆ ಆ ಹೊತ್ತಿನ ಮಟ್ಟಿಗೆ ಮೇಲಿನ ಅಂತಸ್ತು ಸಿಗುವಂತೆ ಒಂದು ಸಣ್ಣ ಬದಲಾವಣೆ ಮಾಡಿ, ಅವಳಿಯ ಮೇಲೆ ಪರೀಕ್ಷಿಸಿ, ಮಂಗಳಕ್ಕೆ ಕಳಿಸಿದರು. ತೊಂದರೆ ನಿಂತಿತು. ನೌಕೆ ಹೊರಟುಹೋದ ಮೇಲೂ ಅದರ ಅವಳಿಯನ್ನು ಭೂಮಿಯಲ್ಲಿ ಸಾಕಿಕೊಳ್ಳುವುದು ಇದಕ್ಕಾಗಿ. ಈಗ ಮಂಗಳದಲ್ಲಿ ಓಡಾಡುತ್ತಿರುವ ಪರ್ಸಿವಿಯರೆನ್ಸ್ ರೋವರಿಗೂ ಅದೇ ಪ್ರಯೋಗಾಲಯದ ಅಂಗಳದಲ್ಲಿ ಒಂದು ಅವಳಿಯಿದೆ.

ಪಾತ್‌ಫೈಂಡರ್‌ನ ಈ ತೊಂದರೆ ಹಾರುವ ಮುಂಚೆಯೂ ಅಪರೂಪಕ್ಕೆ ತಲೆ ಹಾಕಿತ್ತು. ಬೇಕೆಂದಾಗ ಮರುಕಳಿಸದ್ದರಿಂದ ಕೈಗೆ ಸಿಕ್ಕಿರಲಿಲ್ಲ. ಮಂಗಳಕ್ಕೆ ಹೋದ ಮೇಲೆ ಅದು ಅಷ್ಟು ಸಲ ಬಂದದ್ದೇಕೆ? ಅಂದುಕೊಂಡದ್ದಕ್ಕಿಂತ ಒಳ್ಳೆಯ ವೇಗದಲ್ಲಿ ಮಾಹಿತಿ ಕಳಿಸಲು ಸಾಧ್ಯವಾದ್ದರಿಂದ ಕಂಪ್ಯೂಟರಿನ ಮೇಲೆ ಎಣಿಸಿದ್ದಕ್ಕಿಂತ ಹೆಚ್ಚು ಕೆಲಸ ಬಿದ್ದಿತ್ತು. ಅಷ್ಟು ಚೆನ್ನಾಗಿ ನಡೆಯುವ ಸಂದರ್ಭವನ್ನು ಯಾರೂ ತಾಲೀಮಿನಲ್ಲಿ ಇಟ್ಟಿರಲಿಲ್ಲ.

ಮೂರನೆಯದು ನಮ್ಮದು. 2019ರ ಸೆಪ್ಟೆಂಬರ್ 7ರ ಆ ನಡುರಾತ್ರಿ ನಾಡಿಗೆ ನಾಡೇ ಎದ್ದು ಕೂತಿತ್ತು. ಚಂದ್ರಯಾನ-2ರ ವಿಕ್ರಮ್ ಕೊನೆಯ ಹಂತದಲ್ಲಿ ದಾರಿ ತಪ್ಪಿ ಬಿದ್ದಿತು. ಏನಾಗಿತ್ತೆಂಬುದನ್ನು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ಒತ್ತು ಕೊಟ್ಟವು. ಕ್ಯಾಮೆರಾ ಚಿತ್ರ ತೆಗೆಯಲೆಂದು ನೌಕೆ ಅಲುಗದೆ ಇರಬೇಕಿದ್ದ ಹಂತದಲ್ಲಿ ಆ ಹೆಚ್ಚಳದ ತಪ್ಪುಗಳು ತಿದ್ದುಪಡಿಯಿಲ್ಲದೆ ಕೂಡುತ್ತಾ ಹೋದವು. ಆಮೇಲೆ ಒಂದೇ ಸಲಕ್ಕೆ ತಿದ್ದಲು ನೌಕೆ ಜೋರಾಗಿ ತಿರುಗಬೇಕಾಯಿತು. ಅಷ್ಟು ಜೋರಾಗಿ ತಿರುಗುವ ಪ್ರಸಂಗ ಬಂದೀತೆಂದು ಎಣಿಸದೆ ಸಾಫ್ಟ್‌ವೇರ್ ಅದಕ್ಕೊಂದು ಮಿತಿ ಹಾಕಿತ್ತು. ಅದರ ಮೇಲೆ ಇಳಿಯಬೇಕಾದ ಜಾಗವೋ ಉದ್ದಗಲ 500 ಮೀಟರ್ ಮಾತ್ರ. ಅಲ್ಲಿಗೇ ಮುಟ್ಟಬೇಕೆಂದು ನೌಕೆ ವೇಗ ಹೆಚ್ಚಿಸಿಕೊಂಡಿತು, ನೆಲವೋ ಹತ್ತಿರವಾಗಿತ್ತು.

ಮೊದಲ ಮಾತನ್ನು ಮತ್ತೆ ಓದಿ. ಎಂಜಿನ್ ಸೋತದ್ದಲ್ಲ, ಹೆಚ್ಚಿಗೆ ಕೆಲಸ ಮಾಡಿದ್ದು. ಏರಿಯಾನ್‌ಗೆ ಹೆಚ್ಚಿನ ವೇಗ, ಪಾತ್‌ಫೈಂಡರ್‌ಗೆ ಹೆಚ್ಚಿನ ಕೆಲಸ, ವಿಕ್ರಮ್‌ಗೆ ಹೆಚ್ಚಿನ ಒತ್ತು.

ಚಂದ್ರಯಾನ-3ರಲ್ಲಿ ಯೋಚನೆಯ ದಿಕ್ಕನ್ನೇ ತಿರುಗಿಸಿದರು. ಎಲ್ಲ ಸರಿ ನಡೆದರೆ ಹೇಗೆ ಇಳಿಯುತ್ತದೆ ಎಂದು ವಿನ್ಯಾಸ ಮಾಡುವುದಲ್ಲ, ಏನೇನು ತಪ್ಪಬಹುದು, ತಪ್ಪಿದರೂ ಹೇಗೆ ಇಳಿಸುವುದು ಎಂಬುದರಿಂದ ಶುರುಮಾಡುವುದು. ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಐದು ಎಂಜಿನ್ ನಾಲ್ಕಾದವು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕುಕ್ಕರಿಸಿದರೂ ತಾಳುವಂತೆ ಕಾಲು ಗಟ್ಟಿಯಾಯಿತು. ನೆಲದ ಮೇಲಿನ ವೇಗವನ್ನು ಲೇಸರಿನಿಂದ ಅಳೆಯುವ ಹೊಸ ಸೆನ್ಸರ್ ಬಂತು. ಎರಡು ಎಂಜಿನ್ ಕೈಕೊಟ್ಟರೂ ಇಳಿಯುವಂತೆ ಮಾಡಿದ್ದೇವೆ ಎಂದು ಸೋಮನಾಥ್ ಹೇಳಿದರು. ಒಂದೊಂದು ‘ತಪ್ಪಿದರೆ’ಯನ್ನೂ ಸಿಮ್ಯುಲೇಟರಿನ ಚಂದ್ರನಲ್ಲಿ ಬಿತ್ತಿ, ಕಂಪ್ಯೂಟರ್ ಏನು ಮಾಡುತ್ತದೆಂದು ನೋಡಬೇಕು. ಎಂಜಿನ್ನಿನ ಒತ್ತು ನೂರಕ್ಕೆ ಇಷ್ಟು ಹೆಚ್ಚಿಸಿ ಒಂದು ಸಲ, ತಗ್ಗಿಸಿ ಒಂದು ಸಲ, ಸೆನ್ಸರ್ ಅರ್ಧ ದಾರಿಯಲ್ಲಿ ಸುಳ್ಳು ಹೇಳುವಂತೆ ಮಾಡಿ ಇನ್ನೊಂದು ಸಲ, ಎರಡೂ ಕೂಡಿದರೆ ಮತ್ತೊಂದು ಸಲ. ಬೇಸರದ ಕೆಲಸ. ಸುದ್ದಿಯಾಗುವುದಿಲ್ಲ, ಫೋಟೋಗೆ ಒದಗುವುದಿಲ್ಲ. ಗೆದ್ದ ದಿನ ಟಿವಿಯಲ್ಲಿ ಕಂಡ ಚಪ್ಪಾಳೆಯ ಹಿಂದೆ ಇರುವುದು ಇಂಥ ವರ್ಷಗಳು.

ತಾಲೀಮು ಯಂತ್ರಕ್ಕೆ ಮಾತ್ರವಲ್ಲ, ಪರದೆಯ ಮುಂದೆ ಕೂರುವ ಮನುಷ್ಯರಿಗೂ ಬೇಕು. 1969ರಲ್ಲಿ ಅಪೋಲೋ-11 ಹೊರಡುವ ಕೆಲದಿನಗಳ ಮುಂಚೆ ಹೂಸ್ಟನ್‌ನಲ್ಲಿ ಇಳಿಯುವ ಅಭ್ಯಾಸ ನಡೆದಿತ್ತು. ತಾಲೀಮು ಮಾಡಿಸುವ ತಂಡ ಹೇಳದೆ ಕೇಳದೆ ಕಂಪ್ಯೂಟರಿನ ಮೇಲೆ ಹೊರೆ ಹೇರಿ ಒಂದು ಅಲಾರಂ ಹೊಡೆಸಿತು. ನೌಕೆಯ ಮಾರ್ಗದರ್ಶನ ನೋಡಿಕೊಳ್ಳುತ್ತಿದ್ದ ಯುವ ಎಂಜಿನಿಯರ್ ಸ್ಟೀವ್ ಬೇಲ್ಸ್ ಆ ಅಲಾರಮ್ಮಿನ ಸಂಖ್ಯೆ ಕಂಡು ಗಾಬರಿಯಾಗಿ, ಇಳಿಯುವುದನ್ನು ಕೈಬಿಡಿ ಎಂದರು. ಆಮೇಲೆ ಕೂತು ನೋಡಿದರೆ ಕೈಬಿಡಬೇಕಾಗಿರಲಿಲ್ಲ. ಅಂದಿನಿಂದ ಪ್ರತಿ ಅಲಾರಮ್ಮಿನ ಅರ್ಥವೇನು, ಯಾವುದಕ್ಕೆ ಮುಂದುವರಿಯಬಹುದು, ಯಾವುದಕ್ಕೆ ಬಾರದು ಎಂದು ಪಟ್ಟಿ ಮಾಡಿಟ್ಟರು. ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ನಿಜವಾಗಿಯೂ ಇಳಿಯುತ್ತಿದ್ದಾಗ 1202 ಎಂಬ ಅಲಾರಂ ಹೊಡೆಯಿತು. ಅಲಾರಂ ಹೊಡೆಯಲು ತಾಲೀಮಿನಲ್ಲಿದ್ದ ಕಾರಣವೇ ಬೇರೆ, ಆ ದಿನದ ಕಾರಣವೇ ಬೇರೆ. ಆದರೆ ಸಂಖ್ಯೆಯ ಅರ್ಥ ಜ್ಯಾಕ್ ಗಾರ್ಮನ್ ಎಂಬ ಇನ್ನೊಬ್ಬ ಯುವಕನ ಪಟ್ಟಿಯಲ್ಲಿತ್ತು. ಕೆಲವೇ ಸೆಕೆಂಡುಗಳಲ್ಲಿ ‘ಮುಂದುವರಿಯಿರಿ’ ಎಂಬ ಉತ್ತರ ಚಂದ್ರನ ಕಡೆ ಹೊರಟಿತು.

ಚಂದ್ರಯಾನ-3 ಇಳಿದ ಸಂಜೆಯ ವಿಡಿಯೋ ಸಿಕ್ಕರೆ ಮತ್ತೊಮ್ಮೆ ನೋಡಿ. ದೊಡ್ಡ ಪರದೆಯ ಮೇಲೆ ಎತ್ತರದಿಂದ ನೆಲಕ್ಕೆ ಬಾಗಿ ಬರುವ ಒಂದು ಗೆರೆ ಕಾಣುತ್ತದೆ. ಅದು ನೌಕೆ ಬರುವ ಮುಂಚೆಯೇ ಎಳೆದಿಟ್ಟದ್ದು, ಹೀಗೆ ಇಳಿಯಬೇಕೆಂದು ಸಿಮ್ಯುಲೇಷನ್‌ಗಳು ಹೇಳಿದ ದಾರಿ. ನಿಜವಾದ ನೌಕೆಯ ಗುರುತು ಅದರ ಮೇಲೆಯೇ ಸರಿಯುತ್ತಾ ಕೆಳಗಿಳಿಯುವುದನ್ನು ನೋಡಿ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. 150 ಮೀಟರಿನ ಹತ್ತಿರ ನೌಕೆ ತಡೆದು ನಿಂತು ಕೆಳಗೆ ಕುಳಿಗಳನ್ನು ಹುಡುಕುತ್ತದೆ. ಆ ಘಳಿಗೆಗಾಗಿಯೇ ನಿಮ್ಮೂರ ಕಾವಲಿನಲ್ಲಿ ಗುಂಡಿ ತೋಡಿದ್ದು.